ನಡುಗುವ ಎಕೋ

ಅಶ್ಮಿತಾಳಿಗೆ ಯಾವ ಶಬ್ದವೂ ಪೂರ್ತಿ ಸರಿಯೆನಿಸುತ್ತಿರಲಿಲ್ಲ. ಹಾಡು ಕೇಳುತ್ತ ಕೂತರೂ ಅವಳ ಕಿವಿ ಹಾಡಿನ ಹಿಂದೆ ಗುಂಯ್‌ಗುಡುವ ಕರೆಂಟಿನ ಸದ್ದನ್ನು ಹುಡುಕುತ್ತಿತ್ತು. ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಅವರ ಮನೆಯ ಫ್ಯಾನಿನ ರೆಗ್ಯುಲೇಟರನ್ನು ಅವಳು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಸ್ಕ್ರೂಗಳ ತಲೆಯೇ ಸವೆದುಹೋಗಿತ್ತು.

"ಫ್ಯಾನು ತಿರುಗ್ತದಲ್ಲ, ಇನ್ನೆಂತ ಬೇಕು ನಿಂಗೆ?" ಎಂದು ತಾಯಿ ಪ್ರಫುಲ್ಲಾ ಕೇಳಿದರೆ, "ತಿರುಗ್ತದಮ್ಮ. ಆದ್ರೆ ಅಳ್ತಾ ತಿರುಗ್ತದೆ" ಎನ್ನುತ್ತಿದ್ದಳು.

ತಂದೆ ಮುಂಡಪ್ಪನವರು ಉಡುಪಿ ಕಡೆಯಿಂದ ಬಂದು ಥಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದವರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮಗಳಿಗೆ ಅದೇ ಎಸ್ಟೇಟಿನಲ್ಲಿ ಯುಪಿಎಸ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ತಮ್ಮ ರಂಜನ್ ಎಂಜಿನಿಯರಿಂಗ್ ಓದಿ ಮಹಾಪೆಯ ಸಾಫ್ಟ್‌ವೇರ್ ಆಫೀಸು ಸೇರಿದ. ಅಲ್ಲಿಯವರೆಗೆ ಅವನು ಗಿಟಾರ್ ಕಲಿಯುತ್ತಿದ್ದ. ಕಲಿಸುತ್ತಿದ್ದವನು ಮುರಾರಿ. ಅವನ ಅಪ್ಪ ವಿಜಾಪುರದ ಕಡೆಯಿಂದ ಕಲ್ಯಾಣದ ರೈಲ್ವೆ ಯಾರ್ಡಿಗೆ ಕೂಲಿಗೆ ಬಂದವರು. ಮಗ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತ ನಲವತ್ತು ದಾಟಿದ್ದ. ಗಣಪತಿ, ನವರಾತ್ರಿ, ಮದುವೆ, ಯಾರದೋ ಹುಟ್ಟುಹಬ್ಬ, ಎಲ್ಲ ಕಡೆ ಇನ್ನೊಬ್ಬರ ಹಾಡು.

ಅವನಿಗಾಗಿಯೇ ಅಶ್ಮಿತಾ ೨೦೦೮ರಲ್ಲಿ ತನ್ನ ಮೊದಲ ಎಕೋ ಪೆಡಲ್ ಮಾಡಿದಳು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಡುವ ಪುಟ್ಟ ಕಬ್ಬಿಣದ ಡಬ್ಬಿ. ಕಾಲಿನಿಂದ ಒತ್ತಿದರೆ ನುಡಿಸಿದ ಸ್ವರ ಮತ್ತೆ ಮತ್ತೆ ಮರುಕಳಿಸಿ ಮೆಲ್ಲಗೆ ಮಾಯವಾಗುತ್ತದೆ. ಒಳಗೆ ಹಳೆಯ ಕಾಲದ ಒಂದು ಚಿಪ್. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸುತ್ತಾರಲ್ಲ, ಹಾಗೆ ಆ ಚಿಪ್ ಶಬ್ದವನ್ನು ತನ್ನೊಳಗಿನ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುತ್ತ ತಡವಾಗಿ ಹೊರಗೆ ಬಿಡುತ್ತದೆ. ದಾಟಿಸುವಾಗೆಲ್ಲ ಒಂದಿಷ್ಟು ಚೆಲ್ಲುತ್ತದೆ. ಚೆಲ್ಲಿದ್ದರಿಂದಲೇ ಆ ಎಕೋ ಮಸುಕಾಗಿ, ಬೆಚ್ಚಗೆ ಕೇಳಿಸುತ್ತದೆ.

"ತಂಗಿ, ಏನ್ ಮಾಡೀಯವಾ ಇದು!" ಎಂದು ಮುರಾರಿ ಮೊದಲ ದಿನವೇ ನೆಲದ ಮೇಲೆ ಕೂತುಬಿಟ್ಟಿದ್ದ. "ನಾ ಇಲ್ಲಿ ಬಾರಿಸಿದ್ರ, ಅದು ಆಚಿ ಓಣಿಗಿ ಹೋಗಿ ಯಾರನ್ನೋ ಮಾತಾಡಿಸಿ ಬಂದಂಗ ಅಕ್ಕೈತಿ."

ಅಶ್ಮಿತಾಳಿಗೆ ಸಮಾಧಾನವಿರಲಿಲ್ಲ. ಆ ಡಬ್ಬಿಯಲ್ಲಿ ಒಂದು ದೋಷವಿತ್ತು. ಗಟ್ಟಿಯಾಗಿ ಮೀಟಿದಾಗ ಒಳಗಿನ ಕರೆಂಟು ಕ್ಷಣಹೊತ್ತು ಕುಗ್ಗುತ್ತಿತ್ತು. ಎಕೋದ ಶ್ರುತಿ ಒಂಚೂರು ಇಳಿದು, ನಡುಗಿ, ಮತ್ತೆ ಮೇಲೆ ಬರುತ್ತಿತ್ತು. ಅದನ್ನು ತೆಗೆಯಲು ಅವಳು ವರ್ಷಗಟ್ಟಲೆ ಒದ್ದಾಡಿದಳು. ಎರಡನೆಯ ಡಬ್ಬಿ ಮಾಡಿದಳು, ಮೂರನೆಯದು ಮಾಡಿದಳು. ಕೆಲಸದಿಂದ ಬಂದು, ಕೈ ತೊಳೆದು, ಚಹಾ ಆರುವ ಮೊದಲೇ ಸೋಲ್ಡರಿಂಗ್ ಕಡ್ಡಿ ಹಿಡಿಯುತ್ತಿದ್ದಳು. ಕೊನೆಗೆ ಹಳೆಯದಕ್ಕೆ ಹೊಂದದ ಬೇರೊಂದು ಚಿಪ್ ಹಾಕಿ, ನಡುಕವೇ ಇಲ್ಲದ ಡಬ್ಬಿ ತಯಾರಾಯಿತು. ಥಾಣೆಯ ಗಿಟಾರಿಸ್ಟುಗಳು ಕೊಂಡರು, ಚೆನ್ನಾಗಿದೆ ಎಂದರು, ಇನ್ನೊಬ್ಬರಿಗೆ ಹೇಳಲು ಮರೆತರು. ಮುರಾರಿ ಮಾತ್ರ ಮೊದಲ ಡಬ್ಬಿಯನ್ನು ಬಿಡಲಿಲ್ಲ.

"ಹೊಸದು ಕ್ಲೀನ್ ಉಂಟಲ್ಲ ಮುರಾರಿಯಣ್ಣ, ಯಾಕೆ ಬೇಡ?"

"ಚಲೋ ಐತಿ ತಂಗಿ. ಆದ್ರ ಬ್ಯಾಡ."

ಯಾಕೆಂದು ಅವನಿಗೂ ಹೇಳಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಹುಡುಗರು ಪೆಡಲುಗಳ ಬದಲು ಲ್ಯಾಪ್‌ಟಾಪ್ ಹೊತ್ತು ರಿಹರ್ಸಲ್ಲಿಗೆ ಬರುತ್ತಿದ್ದರು. ಗಿಟಾರಿನ ತಂತಿ ನೇರ ಕಂಪ್ಯೂಟರಿಗೆ, ಅಲ್ಲಿಂದ ಸ್ಪೀಕರಿಗೆ. ಎಕೋ ಬೇಕೆ, ಗೊಗ್ಗರು ಸದ್ದು ಬೇಕೆ, ದೊಡ್ಡ ಸಭಾಂಗಣದ ಗುಂಗು ಬೇಕೆ, ಎಲ್ಲ ಸ್ಕ್ರೀನಿನ ಮೇಲಿನ ಚಿತ್ರಗಳು.

"ಅಕ್ಕ, ಸಚ್ ಬೋಲೂ ತೋ ಇನ್ನು ಹಾರ್ಡ್‌ವೇರ್ ಮುಗೀತು," ಎಂದ ರಂಜನ್ ಒಂದು ಸಲ. "ನಿನ್ನ ಚಿಪ್ ಮಾಡುವ ಕಂಪನೀನೇ ಅದನ್ನ ಬಂದ್ ಮಾಡಿದೆ. ಆಗೇ ಕ್ಯಾ? ಮುಂದೇನು?"

"ಲೆಕ್ಕ ಮಾಡಿ ಹುಟ್ಟಿಸಿದ್ದು ಲೆಕ್ಕದ ಹಾಗೇ ಕೇಳ್ತದೆ," ಎಂದಳು ಅಶ್ಮಿತಾ. "ಅದಕ್ಕೆ ಉಸಿರಿಲ್ಲ."

ರಂಜನ್ ನಕ್ಕು ಸುಮ್ಮನಾದ. ಅವನು ಸುಮ್ಮನಾದದ್ದು ಒಪ್ಪಿ ಅಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

೨೦೧೩ರ ಮಳೆಗಾಲ ಮುಗಿಯುವ ಹೊತ್ತಿಗೆ ಮುರಾರಿ ಒಂದು ಸುದ್ದಿ ತಂದ. ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ತನ್ನದೇ ರಾಗಗಳನ್ನು ಸಾನಪಾಡಾದ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಲು ಹೊರಟಿದ್ದ. ಹಾಡಿಲ್ಲ, ಬರೀ ಗಿಟಾರ್. ಸ್ಟುಡಿಯೋ ನಡೆಸುವ ಸೂರಜ್ ಅವನ ಹಳೆಯ ಗೆಳೆಯ. ಅಶ್ಮಿತಾಳ ಮನೆಯಲ್ಲಿ ಕೂತು ಮುರಾರಿ ಒಂದೊಂದೇ ರಾಗ ನುಡಿಸಿ ತೋರಿಸಿದ. ಪ್ರತಿಯೊಂದರಲ್ಲೂ ಅವನು ಒಂದು ಸ್ವರ ಮೀಟಿ ಕೈ ಎತ್ತಿ ಕಾಯುತ್ತಿದ್ದ. ಎಕೋ ಹೋಗಿ ಬರುವವರೆಗೆ ಕಾದು, ಅದರ ಮೇಲೆ ಮುಂದಿನ ಸ್ವರ ಇಡುತ್ತಿದ್ದ. ಅರ್ಧ ಸಂಗೀತ ಅವನದು, ಅರ್ಧ ಡಬ್ಬಿಯದು.

ಸ್ಟುಡಿಯೋಗೆ ಹೋಗಲು ವಾರವಿರುವಾಗ ಡಬ್ಬಿ ಸತ್ತಿತು. ಯಾವುದೋ ಮದುವೆ ಹಾಲಿನಲ್ಲಿ ಯಾರೋ ತಪ್ಪು ಅಡಾಪ್ಟರ್ ಚುಚ್ಚಿದ್ದರು. ಮುರಾರಿ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಚಿಪ್ಪಿನ ಬೆನ್ನು ಬಿರುಕು ಬಿಟ್ಟಿತ್ತು.

"ಅಕ್ಕೈತಲ್ಲವಾ?" ಎಂದ ಮುರಾರಿ.

"ಆಗ್ತದೆ. ನೀವು ಚಿಂತೆ ಮಾಡ್ಬೇಡಿ," ಎಂದಳು ಅಶ್ಮಿತಾ.

ಹಾಗೆ ಹೇಳಿದ್ದೇ ತಪ್ಪಾಯಿತು. ಅಂಗಡಿಯವರೆಲ್ಲ ಆ ಚಿಪ್ ಇಲ್ಲವೆಂದು ಕೈಯಾಡಿಸಿದರು. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರೋ ಮಾರಾಟಗಾರ ಕೊರಿಯರಿನಲ್ಲಿ ಕಳಿಸಿದ. ಬಂದ ಚಿಪ್ಪನ್ನು ಕೂಡಿಸಿದರೆ ಬರೀ ಸುಂಯ್ ಎಂಬ ಸದ್ದು. ಅನುಮಾನ ಬಂದು ಹತ್ತಿಯಲ್ಲಿ ಥಿನ್ನರ್ ಅದ್ದಿ ಉಜ್ಜಿದಳು. ಮೇಲಿನ ಅಕ್ಷರಗಳು ಹತ್ತಿಗೆ ಬಂದವು. ಬೇರೆ ಯಾವುದೋ ಚಿಪ್ಪನ್ನು ಉಜ್ಜಿ, ಹೊಸ ಹೆಸರು ಅಚ್ಚುಹಾಕಿ ಮಾರಿದ್ದರು. ಇನ್ನೊಬ್ಬನಿಂದ ತರಿಸಿದಳು. ಅದೂ ಹಾಗೇ. ಕೊನೆಗೆ ಸುಟ್ಟ ಡಬ್ಬಿಯನ್ನು ಹಾಗೆಯೇ ತಮ್ಮನ ಕೈಲಿ ಮುರಾರಿಗೆ ವಾಪಸು ಕಳಿಸಿದಳು. ಆಫೀಸಿನಲ್ಲಿ ಕೆಲಸ ಕೈಗೆ ಹತ್ತಲಿಲ್ಲ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಬಳಿ ನಿಂತೇ ಬಂದಳು.

ರೆಕಾರ್ಡಿಂಗಿನ ದಿನ ಅವಳು ತನ್ನ ಹೊಸ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೊರಟಳು. ಕ್ಷಮೆ ಕೇಳಿ ಇದರಲ್ಲೇ ನಡೆಸಿಕೊಳ್ಳಿ ಎನ್ನಬೇಕೆಂದು ಥಾಣೆಯಲ್ಲಿ ಗಾಡಿ ಬದಲಿಸುವಾಗಿನಿಂದ ಮಾತು ಜೋಡಿಸುತ್ತಿದ್ದಳು. ಸಾನಪಾಡಾದಲ್ಲಿ ಇಳಿದು, ಸ್ಟುಡಿಯೋದ ದಪ್ಪ ಬಾಗಿಲು ತಳ್ಳಿದಾಗ ಮುರಾರಿ ಗಾಜಿನ ಆಚೆ ಕೂತು ಬಾರಿಸುತ್ತಿದ್ದ. ಸ್ಪೀಕರಿನಲ್ಲಿ ಸ್ವರ ಹೋಯಿತು, ಬಂತು, ಒಂಚೂರು ಇಳಿಯಿತು, ನಡುಗಿತು, ಮೇಲೆದ್ದಿತು.

ಅಶ್ಮಿತಾ ಸೂರಜನ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಇದು ನಮ್ಮ ಮೊದಲ್ನೇ ಡಬ್ಬಿ! ಆ ಹಾಳು ನಡುಕ ಕೂಡ ಹಾಗೇ ಉಂಟು. ಸೂರಜ್, ಚಿಪ್ ಎಲ್ಲಿ ಸಿಕ್ತು ಇವರಿಗೆ? ಕೇಳು, ಕೇಳು... ಉಸಿರಾಡ್ತದೆ ನೋಡು. ಲ್ಯಾಪ್‌ಟಾಪಿನಲ್ಲಿ ಇದು ಎಲ್ಲಿಂದ ಬರಬೇಕು?"

ಸೂರಜ್ ಪಕ್ಕಕ್ಕೆ ತಿರುಗಿದ. ಅವನ ಪಕ್ಕದಲ್ಲಿ, ಕತ್ತಲ ಮೂಲೆಯಲ್ಲಿ ಕೂತಿದ್ದ ರಂಜನ್ ಎದ್ದು ನಿಂತ. ಅವನ ಮುಂದೆ ಲ್ಯಾಪ್‌ಟಾಪ್ ತೆರೆದಿತ್ತು. ಸ್ಕ್ರೀನಿನ ಮೇಲೆ ಅವಳ ಡಬ್ಬಿಯ ಚಿತ್ರ. ಅವಳು ಬಳಿದಿದ್ದ ಅದೇ ನೀಲಿ ಬಣ್ಣ, ತಿರುಗಿಸುವ ಅದೇ ಮೂರು ಬಿರಡೆಗಳು, ಬಲಗಡೆಯ ಮೂಲೆಯಲ್ಲಿ ಬಣ್ಣ ಎದ್ದುಹೋದ ಗುರುತು ಕೂಡ.

"ಅಕ್ಕ, ಹೇಳ್ಬೇಕು ಅಂತಲೇ ಇದ್ದೆ," ಎಂದ.

"ಯಾವಾಗ ಮಾಡಿದ್ದು?"

"ಹೋದ ವರ್ಷ. ಡಬ್ಬಿ ರಿಪೇರಿಗೆ ಮನೆಗೆ ಬಂದಿತ್ತಲ್ಲ, ಆಗ ಅದರೊಳಗೆ ಬೇರೆ ಬೇರೆ ಸೌಂಡ್ ಹಾಕಿ, ಹೊರಗೆ ಬಂದದ್ದನ್ನ ಅಳೆದೆ. ಆಮೇಲೆ ಕೋಡ್ ಬರೆದೆ. ಟೈಮ್‌ಪಾಸ್ ಅಂತ ಶುರು ಮಾಡಿದ್ದು. ಮುರಾರಿಯಣ್ಣನ ಡಬ್ಬಿ ಹೋಯ್ತಲ್ಲ, ಅದಕ್ಕೆ ಇಲ್ಲಿಗೆ ತಕೊಂಡು ಬಂದೆ..."

ಗಾಜಿನ ಆಚೆಯಿಂದ ಮುರಾರಿ ಏನಾಯಿತೆಂದು ಕೈಸನ್ನೆಯಲ್ಲಿ ಕೇಳುತ್ತಿದ್ದ. ಅಶ್ಮಿತಾ ಅವನಿಗೆ ಏನೂ ಇಲ್ಲವೆಂದು ತಲೆಯಾಡಿಸಿ ಹೊರಗೆ ಬಂದಳು. ಸ್ಟೇಷನ್ನಿನಲ್ಲಿ ಮೊದಲು ಬಂದ ಗಾಡಿ ಹತ್ತಿದಳು. ಅದು ಪನ್ವೇಲಿನ ಕಡೆಗೆ ಹೋಗುವ ಗಾಡಿ. ತಿಳಿದ ಮೇಲೂ ಇಳಿಯಲಿಲ್ಲ. ಕೊನೆಯ ಸ್ಟೇಷನ್ನಿನವರೆಗೆ ಹೋಗಿ, ಅದೇ ಗಾಡಿಯಲ್ಲಿ ವಾಪಸು ಬಂದಳು.

ಮನೆಯಲ್ಲಿ ಜಗಳವಾಯಿತು.

"ನನ್ನನ್ನ ಒಂದು ಮಾತು ಕೇಳಿದ್ಯಾ ನೀನು?"

"ಕೇಳಿದ್ರೆ ಬೇಡ ಅಂತಿದ್ದಿ."

"ಮತ್ತೆ! ಬೇಡ ಅಂತಿದ್ದೆ. ಅದಕ್ಕೇ ಕೇಳಬೇಕಿತ್ತು."

"ಕಾಪಿ ನಹೀಂ ಹೈ ಅಕ್ಕ. ಅದರಲ್ಲಿ ನಿನ್ನ ಒಂದು ವೈರೂ ಇಲ್ಲ. ಎಲ್ಲ ನಾನು ಬರೆದದ್ದು."

"ಹೌದು. ನನ್ನ ಐದು ಮಳೆಗಾಲ ನೀನು ಒಂದು ಭಾನುವಾರದಲ್ಲಿ ಅಳೆದುಬಿಟ್ಟಿ."

ಆ ಮೇಲೆ ಇಬ್ಬರೂ ಮಾತು ಬಿಟ್ಟರು. ಒಂದೇ ಕೋಣೆಯಲ್ಲಿ ಒಬ್ಬಳು ಮೇಜಿನ ಬಳಿ, ಒಬ್ಬ ಮಂಚದ ಮೇಲೆ. "ನಡುವೆ ಎರಡು ಅಡಿ ಜಾಗ ಇಲ್ಲ, ಆದ್ರೂ ಸಂದೇಶ ಹೊರ್ಲಿಕ್ಕೆ ನಾನು ಬೇಕು," ಎಂದು ಪ್ರಫುಲ್ಲಾ ಗೊಣಗುತ್ತಿದ್ದರು. ಮುಂಡಪ್ಪನವರು ಊಟಕ್ಕೆ ಕೂತಾಗ ಮಗನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

ಅಶ್ಮಿತಾ ಸೋಲ್ಡರಿಂಗ್ ಕಡ್ಡಿ ಮುಟ್ಟಲಿಲ್ಲ. ಮಾರಾಟವಾಗದ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿದಳು. ಆದರೆ ಸುಮ್ಮನಿರಲೂ ಆಗಲಿಲ್ಲ. ಎಲ್ಲೋ ವ್ಯತ್ಯಾಸ ಇರಲೇಬೇಕು, ಅದನ್ನು ಹಿಡಿದು ತಮ್ಮನ ಮುಂದೆ ಎಸೆಯಬೇಕು ಎಂಬ ಹಟ ಬಿಡಲಿಲ್ಲ. ಅವಳ ಬಳಿ ಹಳೆಯ ಡಬ್ಬಿಯಲ್ಲಿ ಮುರಾರಿ ನುಡಿಸಿದ್ದ ಕೆಲವು ರೆಕಾರ್ಡಿಂಗ್‌ಗಳಿದ್ದವು. ಹೊಸದನ್ನು ಸೂರಜನಿಂದ ತರಿಸಿಕೊಂಡಳು. ಒಂದು ಮಧ್ಯಾಹ್ನ ತಾಯಿಯನ್ನು ಕೂರಿಸಿ, "ಅಮ್ಮ, ಹೆಸರು ಹೇಳದೆ ನಿನಗೆ ಬೇಕಾದ್ದನ್ನ ಒತ್ತು. ಯಾವುದು ಯಾವುದು ಅಂತ ನಾನು ಹೇಳ್ತೇನೆ" ಎಂದು ಗೋಡೆಗೆ ಮುಖ ಮಾಡಿ ಕೂತಳು.

ಪ್ರಫುಲ್ಲಾ ಒತ್ತಿದರು. ಅಶ್ಮಿತಾ ಕಣ್ಣು ಮುಚ್ಚಿ ಕೇಳಿದಳು. "ಇದು ನನ್ನದು." ಮತ್ತೆ ಒತ್ತಿದರು. "ಇದು ರಂಜನಂದು. ಸ್ವಲ್ಪ ಒಣಕಲು." ಮತ್ತೆ, ಮತ್ತೆ. ಕೊನೆಗೆ ತಿರುಗಿ, "ಎಷ್ಟು ಸರಿ ಹೇಳಿದೆ?" ಎಂದಳು.

ತಾಯಿ ಕಂಪ್ಯೂಟರಿನ ಮೇಲಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡರು. "ಎಲ್ಲ ತಿರುಗಾಮುರುಗಾ ಹೇಳಿದ್ದಿ ಮಗಾ. ನಿನ್ನದು ಅಂದದ್ದೆಲ್ಲ ಅವನದು."

ಅಶ್ಮಿತಾ ಎರಡನ್ನೂ ತಾನೇ ಒತ್ತಿ ಮತ್ತೆ ಕೇಳಿದಳು. ನಾಚಿಕೆ, ಸಿಟ್ಟು, ಅದರ ಕೆಳಗೆ ಇನ್ನೊಂದು ತಣ್ಣನೆಯ ಕುತೂಹಲ. ಸಂಜೆ ರಂಜನ್ ಬಂದು ಶೂ ಬಿಚ್ಚುವಾಗಲೇ, "ಅದನ್ನ ತೋರಿಸು" ಎಂದಳು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು.

ಅವನು ಗಾಬರಿಯಿಂದಲೇ ಲ್ಯಾಪ್‌ಟಾಪ್ ತೆರೆದ. ಡಬ್ಬಿಯ ಮೂರು ಬಿರಡೆಗಳ ಕೆಳಗೆ ನಾಲ್ಕನೆಯದೊಂದಿತ್ತು. ಅವಳ ಡಬ್ಬಿಯಲ್ಲಿ ಅದು ಇರಲಿಲ್ಲ.

"ಇದೆಂತದು?"

"ನಡುಕ. ಜೋರಾಗಿ ಬಾರಿಸಿದಾಗ ಎಕೋ ಇಳೀತದಲ್ಲ, ಅದನ್ನ ಹೆಚ್ಚು ಕಡಿಮೆ ಮಾಡ್ಲಿಕ್ಕೆ."

"ಅದು ನನ್ನ ತಪ್ಪು. ಅದನ್ನ ಯಾಕೆ ಹಾಕಿದ್ದಿ?"

ರಂಜನ್ ಅವಳನ್ನು ಅಚ್ಚರಿಯಿಂದ ನೋಡಿದ. "ತಪ್ಪಾ? ಅಕ್ಕ, ಮೊದಲು ನಾನು ಅದಿಲ್ಲದೆ ಮಾಡಿದ್ದೆ. ಮುರಾರಿಯಣ್ಣ ಎರಡು ಸಲ ಬಾರಿಸಿ ಗಿಟಾರ್ ಕೆಳಗಿಟ್ರು. ‘ಇದರಾಗ ಯಾರೂ ಇಲ್ಲ’ ಅಂದ್ರು. ಆಮೇಲೆ ಇದೊಂದನ್ನ ಸರಿ ಮಾಡ್ಲಿಕ್ಕೇ ತಿಂಗಳುಗಟ್ಟಲೆ ಹೋಯ್ತು. ನಿನ್ನ ಡಬ್ಬಿಯಲ್ಲಿ ಇರೋದೇ ಇದು."

ಅಶ್ಮಿತಾಳಿಗೆ ಅಟ್ಟದ ಮೇಲಿನ ಡಬ್ಬಿಗಳು ನೆನಪಾದವು. ವರ್ಷಗಟ್ಟಲೆ ಕೂತು ತಾನೇ ಒಳಗಿದ್ದವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದಳು. ಅವಳು ಮೌಸ್ ತೆಗೆದುಕೊಂಡು ಆ ನಾಲ್ಕನೆಯ ಬಿರಡೆಯನ್ನು ಪೂರ್ತಿ ತಿರುಗಿಸಿದಳು. ಎಕೋ ಕುಸಿಯಿತು, ನರಳಿತು, ಹರಿದುಹೋಯಿತು. ಅಂಥ ಸದ್ದನ್ನು ಅವಳ ಡಬ್ಬಿ ಎಂದೂ ಮಾಡಿರಲಿಲ್ಲ, ಮಾಡುವುದು ಸಾಧ್ಯವೂ ಇರಲಿಲ್ಲ.

"ಇನ್ನೊಂದು ಸಲ," ಎಂದಳು.

ಆ ದೀಪಾವಳಿಗೆ ವಿಠ್ಠಲವಾಡಿಯಲ್ಲಿ ಒಂದು ಕಾರ್ಯಕ್ರಮವಿತ್ತು. ಮುರಾರಿ ಮೊದಲ ಬಾರಿಗೆ ತನ್ನ ರಾಗಗಳನ್ನು ಜನರ ಮುಂದೆ ನುಡಿಸುವವನಿದ್ದ. ಡಬ್ಬಿ ಇಲ್ಲದ್ದರಿಂದ ಲ್ಯಾಪ್‌ಟಾಪೇ ಗತಿ. ರಂಜನ್ ಎಲ್ಲ ಜೋಡಿಸಿದ. ಅಶ್ಮಿತಾ ವೇದಿಕೆಯ ಪಕ್ಕದಲ್ಲಿ ನಿಂತಳು. ಲ್ಯಾಪ್‌ಟಾಪ್ ಕೈಕೊಡಬಹುದು ಎಂದು ಅವಳ ಮನಸ್ಸಿನ ಒಂದು ಮೂಲೆ ಆಸೆಪಡುತ್ತಿದ್ದದ್ದೂ ನಿಜ. ಅದೇನೂ ಆಗಲಿಲ್ಲ. ಸದ್ದು ಚೆನ್ನಾಗಿ ಬಂತು. ಜನ ಚಪ್ಪಾಳೆ ತಟ್ಟಿದರು.

ಆದರೆ ಅವಳು ಮುರಾರಿಯ ಬಲಗಾಲನ್ನು ನೋಡುತ್ತಿದ್ದಳು. ಅದು ನೆಲದ ಮೇಲೆ ಏನನ್ನೋ ತಡಕುತ್ತಿತ್ತು. ಎಕೋ ಹೆಚ್ಚಿಸಬೇಕಾದಾಗ ಅವನು ಬಾರಿಸುವುದನ್ನು ನಿಲ್ಲಿಸಿ ಸ್ಕ್ರೀನಿನತ್ತ ಬಗ್ಗುತ್ತಿದ್ದ. ಒಂದೆರಡು ಕಡೆ ಮೀಟಿದ್ದಕ್ಕೂ ಕೇಳಿಸಿದ್ದಕ್ಕೂ ಕೂದಲೆಳೆಯಷ್ಟು ಅಂತರ ಬಿದ್ದು, ತಬಲಾದವನು ಹುಬ್ಬು ಗಂಟಿಕ್ಕಿದ್ದ.

ಇಳಿದು ಬಂದ ಮುರಾರಿಯ ಅಂಗಿ ಬೆವರಿನಿಂದ ತೊಯ್ದಿತ್ತು.

"ಚಲೋ ಆತಲ್ಲ ಮುರಾರಿಯಣ್ಣ?" ಎಂದು ರಂಜನ್ ಅವನದೇ ಧಾಟಿಯಲ್ಲಿ ಕೇಳಿದ.

"ಚಲೋ ಆತಪಾ. ಮಂದಿಗೆ ಏನೂ ಗೊತ್ತಾಗ್ಲಿಲ್ಲ." ಮುರಾರಿ ಚಪ್ಪಲಿ ಕಳಚಿ ಪಾದ ತಿಕ್ಕಿಕೊಂಡ. "ನನ್ನ ಕಾಲಿಗೆ ಗೊತ್ತಾತು, ನೋಡು. ಪರವೂರಿಗಿ ಬಂದಂಗ ಆಗಿತ್ತು ಅದಕ್ಕ."

ಮರುದಿನ ಅಶ್ಮಿತಾ ಆಫೀಸಿಗೆ ರಜೆ ಹಾಕಿದಳು. ಅಟ್ಟದಿಂದ ಡಬ್ಬಿಗಳನ್ನು ಇಳಿಸಲಿಲ್ಲ. ಸಿಗದ ಚಿಪ್ಪಿನ ಬೆನ್ನುಹತ್ತಿ ಉಪಯೋಗವಿಲ್ಲವೆಂದು ಅವಳಿಗೆ ಖಚಿತವಾಗಿತ್ತು. ಅದರ ಬದಲು ಹಳೆಯ ಕರೋಕೆ ಯಂತ್ರವೊಂದನ್ನು ಬಿಚ್ಚಿದಳು. ಅಂಥ ಯಂತ್ರಗಳಲ್ಲಿ ಹಾಡುವವರ ದನಿಗೆ ಎಕೋ ಕೊಡುವ ಒಂದು ಅಗ್ಗದ ಡಿಜಿಟಲ್ ಚಿಪ್ ಇರುತ್ತದೆ. ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ಪೆಡಲ್ ಕಟ್ಟುವವರು ಅದನ್ನು ಆಟಿಕೆಯೆಂದು ತಿರಸ್ಕರಿಸುತ್ತಾರೆ, ಅಶ್ಮಿತಾ ಕೂಡ ತಿರಸ್ಕರಿಸಿದ್ದಳು. ಈಗ ಅದಕ್ಕೆ ಬೇಕಾದಷ್ಟು ಕರೆಂಟು ಕೊಡದೆ ಹಸಿವಿನಲ್ಲಿ ಇಟ್ಟರೆ ಏನಾಗುತ್ತದೆ ಎಂದು ನೋಡಬೇಕಿತ್ತು. ಆ ಹಸಿವನ್ನು ವಾದಕ ಕಾಲಿನಿಂದ ಹೆಚ್ಚು ಕಡಿಮೆ ಮಾಡುವಂತಿರಬೇಕು. ಹೊಲಿಗೆ ಮೆಷಿನ್ನಿನ ಪಾದಮೆಟ್ಟಿನ ಹಾಗೆ ಮುಂದೆ ಒತ್ತಿದರೆ ಎಕೋ ಕುಸಿಯಬೇಕು, ಹಿಂದೆ ಬಿಟ್ಟರೆ ಏಳಬೇಕು.

ಸುಲಭವಾಗಿರಲಿಲ್ಲ. ಕರೆಂಟು ಕಡಿಮೆಯಾದರೆ ಚಿಪ್ ಪೂರ್ತಿ ಮೂರ್ಛೆ ಹೋಗುತ್ತಿತ್ತು, ಇಲ್ಲವೇ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಕಿರುಚಾಟ ಕೇಳಿ ಕೆಳಮನೆಯ ವೇದಾವತಿ ಎರಡು ಬಾರಿ ಮೇಲೆ ಬಂದು ಹೋದರು. ಕೊನೆಗೆ ಅಶ್ಮಿತಾ ತಮ್ಮನನ್ನು ಕರೆದಳು.

"ನಿನ್ನ ಸಾಫ್ಟ್‌ವೇರಿನಲ್ಲಿ ಎಕೋ ಕುಸಿದು ಏಳ್ತದಲ್ಲ, ಆ ಇಳಿಜಾರು ಎಷ್ಟು, ಹೇಗೆ ಅಂತ ನಿನ್ನ ಹತ್ರ ಉಂಟಾ?"

"ಉಂಟು. ಗ್ರಾಫ್ ತೆಗೆದು ಕೊಡ್ತೇನೆ."

"ಗ್ರಾಫ್ ಬೇಡ. ನಾನು ಸರ್ಕ್ಯೂಟ್ ಹೇಳ್ತೇನೆ, ನೀನು ಕಂಪ್ಯೂಟರಿನಲ್ಲಿ ಮೊದಲು ಕಟ್ಟಿ ನೋಡು. ಚಿಪ್ ಸುಟ್ಟು ಸುಟ್ಟು ನನಗೆ ಸಾಕಾಯ್ತು."

ಆ ಚಳಿಗಾಲವಿಡೀ ಇಬ್ಬರೂ ಕೂಡಿ ಕೂತರು. ಕೂತರೆಂದರೆ ಕೂಡಿದರೆಂದಲ್ಲ. ಅವನು ಸ್ಕ್ರೀನಿನಲ್ಲಿ ಸರಿಬಂತು ಎಂದಾಗ ಅವಳ ಬೋರ್ಡಿನಲ್ಲಿ ಬರುತ್ತಿರಲಿಲ್ಲ. ಅವಳ ಬೋರ್ಡಿನಲ್ಲಿ ಬಂದದ್ದು ಅವನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ರೇಗಿದರು. ಒಂದು ದಿನ ಮಾತಿನ ನಡುವೆ ರಂಜನ್, "ಅಕ್ಕ, ನನ್ನ ಎಕೋ ಆನ್‌ಲೈನ್ ಹಾಕಲಾ? ನೀನು ಬೇಡ ಅಂದ್ರೆ ಹಾಕುದಿಲ್ಲ" ಎಂದ.

ಅಶ್ಮಿತಾ ಸ್ಕ್ರೀನಿನ ಮೇಲಿನ ನೀಲಿ ಡಬ್ಬಿಯನ್ನು ನೋಡಿದಳು.

"ಹಾಕು. ಆದ್ರೆ ಆ ಚಿತ್ರ ತೆಗೆ. ಅಷ್ಟು ಚೆನ್ನಾಗಿ ಕೇಳುವಾಗ ನನ್ನ ಡಬ್ಬಿಯ ವೇಷ ಯಾಕೆ ಅದಕ್ಕೆ? ನಿನ್ನದಕ್ಕೆ ನಿನ್ನದೇ ಮುಖ ಕೊಡು."

ಅವನು ಚಿತ್ರ ತೆಗೆದ. ಅದರ ಜಾಗದಲ್ಲಿ ಏನು ಹಾಕಬೇಕೆಂದು ತಿಳಿಯದೆ ಬಹಳ ದಿನ ಖಾಲಿ ಬಿಟ್ಟಿದ್ದ. ಕೊನೆಗೆ ಒಂದೇ ಒಂದು ಗೆರೆ ಬರೆದ. ನಡುಕ ಹೆಚ್ಚಿಸಿದಂತೆ ಆ ಗೆರೆ ಅಲುಗುತ್ತಿತ್ತು. ಕಂಡುಕೇಳದ ಊರುಗಳ ಜನ ಅದನ್ನು ಇಳಿಸಿಕೊಂಡು ಬಳಸತೊಡಗಿದರು.

ಅಶ್ಮಿತಾಳ ಪಾದಮೆಟ್ಟು ತಯಾರಾದದ್ದು ೨೦೧೫ರ ಬೇಸಿಗೆಯಲ್ಲಿ. ಕಲ್ಯಾಣದ ಒಂದು ಸಭಾಂಗಣದಲ್ಲಿ ಮುರಾರಿಯ ಗಿಟಾರ್ ಕಛೇರಿಯಿತ್ತು. ಮಧ್ಯಾಹ್ನ ಸೌಂಡ್ ಚೆಕ್ಕಿಗೆ ಇಬ್ಬರೂ ಅದನ್ನು ಹೊತ್ತು ಹೋದರು. ಮುರಾರಿ ಚಪ್ಪಲಿ ಬಿಟ್ಟು, ಬರಿಗಾಲನ್ನು ಅದರ ಮೇಲಿಟ್ಟು, ಒಂದು ಸ್ವರ ಮೀಟಿದ. ಎಕೋ ಬಂತು. ಕಾಲು ಮೆಲ್ಲಗೆ ಮುಂದೆ ಒತ್ತಿದ. ಎಕೋ ಮಂಡಿಯೂರಿ ಕೂತಿತು. ಇನ್ನೂ ಒತ್ತಿದ. ಯಾರೋ ದೂರದಲ್ಲಿ ಬಾಯಿಗೆ ಕೈ ಅಡ್ಡವಿಟ್ಟು ಕೂಗಿದಂಥ ಸದ್ದು ಸಭಾಂಗಣದ ತುಂಬ ಹರಡಿತು. ಮುರಾರಿ ಬೆಚ್ಚಿ ಕಾಲು ತೆಗೆದ. ಆಮೇಲೆ ಗಹಗಹಿಸಿ ನಕ್ಕು, ಮತ್ತೆ ಕಾಲಿಟ್ಟ. ಅವನು ಯಾರ ಕಡೆಗೂ ನೋಡಲಿಲ್ಲ. ಕಣ್ಣು ಮುಚ್ಚಿ, ಒತ್ತುತ್ತ ಬಿಡುತ್ತ, ಇದುವರೆಗೆ ಯಾರೂ ಕೇಳದ ಒಂದು ರಾಗವನ್ನು ಅಲ್ಲೇ ಹುಡುಕತೊಡಗಿದ.

ರಂಜನ್ ಅಕ್ಕನ ಕಿವಿಯಲ್ಲಿ ಹೇಳಿದ, "ಇದನ್ನ ಅಳೀಲಿಕ್ಕೆ ಆಗುದಿಲ್ಲ ಅನ್ನಿಸ್ತದೆ. ಪ್ರತಿಸಲ ಬೇರೆ ಥರ ಕುಸೀತದೆ."

"ಆಗ್ತದೆ. ಒಂದು ವರ್ಷ ಬೇಕಾದೀತು ನಿನಗೆ." ಅಶ್ಮಿತಾ ಚೀಲ ಹೆಗಲಿಗೇರಿಸಿದಳು. "ನಾನು ಹೊರಟೆ."

"ಪ್ರೋಗ್ರಾಮ್ ನೋಡುದಿಲ್ವಾ? ನಿನ್ನದೇ ಅಲ್ವಾ ಇದು?"

"ನೀನಿರು. ಎಕೋ ಇಳಿಯುವಾಗ ಒಂದು ಕಟಕಟ ಸದ್ದು ಬರ್ತದೆ, ನಿಂಗೆ ಕೇಳ್ಲಿಲ್ಲ? ಅದು ಎಲ್ಲಿಂದ ಅಂತ ಮನೆಯ ಬೋರ್ಡಿನಲ್ಲಿ ನೋಡ್ಬೇಕು."

ರಂಜನನಿಗೆ ಯಾವ ಕಟಕಟವೂ ಕೇಳಿಸಿರಲಿಲ್ಲ. ಅವನು ಕಿವಿ ನಿಮಿರಿಸಿ ನಿಂತಿರುವಾಗಲೇ ಅವಳು ಕುರ್ಚಿಗಳ ಸಾಲು ದಾಟಿ, ಬಿಸಿಲಿಗೆ ಬಿದ್ದು, ಸ್ಟೇಷನ್ನಿನ ಕಡೆ ಬಿರಬಿರನೆ ನಡೆಯುತ್ತಿದ್ದಳು.